ಇಲಿಗಿಟ್ಟ ಕುಂಕುಮ

ನಂಜನಗೂಡು, ಪ್ಲೇಗ್ ಗುಡಿಸಲುಗಳ ಬಯಲು
೧೯೦೮ನೇ ಇಸವಿ ಡಿಸೆಂಬರ್ ೯, ಬುಧವಾರ

ಪ್ರೀತಿಯ ಅವ್ವಾ,

ನಿನ್ನ ಪಾದಕ್ಕೆ ಪುಟ್ಟಬಸವನ ಶರಣು. ಮೊಣಕಾಲು ನೋವು ಹೇಗಿದೆ? ಈ ಚಳಿಗೆ ಹೆಚ್ಚಾಗಿರಬೇಕು. ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ದೀಪಕ್ಕೆ ಬೇಕೆಂದು ಅದನ್ನೂ ಉಳಿಸುತ್ತಿದ್ದೀಯೋ? ನಿನ್ನನ್ನು ನಾನು ಬಲ್ಲೆ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಇದನ್ನು ನಿನಗೆ ಓದಿ ಹೇಳುವ ಶಂಭುಲಿಂಗಪ್ಪ ಮೇಷ್ಟರೇ ನಂಬುವುದಿಲ್ಲ. ಇದ್ದೇನೆ, ಅಷ್ಟೇ. ಅನ್ನದ ಮುಂದೆ ಕೂತರೂ ಕೈಯಲ್ಲಿ ಸುಣ್ಣದ ವಾಸನೆ.

ಅಲ್ಲಿ ನಿನಗೇನು ಕೆಲಸ ಎಂದು ನೀನು ಬರೆಸಿ ಕೇಳಿದ್ದೆ. ಇಲಿ ಸತ್ತು ಬಿದ್ದ ಮನೆಯವರನ್ನು ಬಯಲಿನ ಗುಡಿಸಲಿಗೆ ಸಾಗಿಸುವುದು, ಹೆಂಚು ತೆಗೆಸಿ ಒಳಗೆ ಬಿಸಿಲು ಬೀಳಿಸುವುದು, ಗೋಡೆಗೆ ಸುಣ್ಣ ಬಳಿಸುವುದು, ಆಮೇಲೆ ಬೈಗುಳ ತಿನ್ನುವುದು. ಬೈಯಲಿ, ಅವರ ಮನೆ ಅವರಿಗೆ. ಆದರೆ ಸತ್ತ ಇಲಿಯನ್ನು ಮುಚ್ಚಿಟ್ಟು, ಎರಡು ವಾರ ಕಳೆದು ಜ್ವರ ಬಂದ ಮಗುವನ್ನು ಎತ್ತಿಕೊಂಡು ಬರುತ್ತಾರಲ್ಲ, ಆಗ ಹೊಟ್ಟೆ ಉರಿಯುತ್ತದೆ. ಮೂರು ವರ್ಷ ಇದೇ ಆಯಿತು. ಸಾಕಾಗಿದೆ ಅವ್ವಾ.

ಹಾಗೆಂದು ಬಿಟ್ಟು ಬರುವ ಮನಸ್ಸೂ ಇಲ್ಲ. ಬೆಂಗಳೂರಿನಲ್ಲಿ ಸ್ಯಾನಿಟರಿ ಇನ್‌ಸ್ಪೆಕ್ಟರುಗಳ ತರಗತಿ ಶುರುವಾಗುತ್ತದಂತೆ. ಓದಿದವರು ಬೇಕಾದಷ್ಟಿದ್ದಾರೆ, ಪ್ಲೇಗಿನಲ್ಲಿ ನಿಂತು ದುಡಿದವರೇ ಬೇಕೆಂದು ಸರ್ಕಾರದವರು ಬರೆದಿದ್ದಾರೆ. ಅಲ್ಲಿ ಕಲಿತು ಬಂದರೆ ಊರಿಗೆ ಇಲಿ ಬೀಳುವ ಮೊದಲೇ ಮಾಡಬಹುದಾದದ್ದನ್ನು ಮಾಡಬಹುದು. ಈಗಿನ ಹಾಗೆ ಹೆಣದ ಹಿಂದೆ ನಡೆಯುವ ಕೆಲಸವಲ್ಲ. ಶುಕ್ರವಾರ ಇಲ್ಲಿನ ಪ್ಲೇಗ್ ಡಾಕ್ಟರು ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಆ ತರಗತಿಗೆ ಆರಿಸುವ ದೊಡ್ಡವರ ಮುಂದೆ ನಿಲ್ಲಿಸುತ್ತಾರೆ. ಅವತ್ತು ತಪ್ಪಿದರೆ ಮುಂದಿನ ಸಲಕ್ಕೆ ನನ್ನ ವಯಸ್ಸು ಮೀರಿರುತ್ತದೆ.

ನಿನ್ನಿಂದ ಒಂದು ಆಗಬೇಕು. ಇಲ್ಲೇ ಪಕ್ಕದ ಕಳಲೆಯಲ್ಲಿ ಪ್ಲೇಗಿನ ಸೂಜಿ ಹಾಕಿಸಿಕೊಳ್ಳಿ ಎಂದು ಮನೆ ಮನೆ ತಿರುಗುತ್ತಿದ್ದೆ. ದೇವೀರಮ್ಮ ಎನ್ನುವ ಮುದುಕಿ ಹಿಟ್ಟಿನ ಕೋಲು ಹಿಡಿದೇ ಹೊರಗೆ ಬಂದು, "ನಿಮ್ಮವ್ವಂಗೆ ಚುಚ್ಚಿದ್ದೀರಾ ಸಾ? ಮೊದ್ಲು ಅದ್ನ ಯೋಳಿ" ಅಂದಳು. ಇಲ್ಲ ಎಂದು ಒಪ್ಪಿಕೊಂಡು ಮುಂದಿನ ಮನೆಗೆ ನಡೆದೆ. ಹೋದ ಸಲ ನಾನು ಸೂಜಿಯ ಮಾತೆತ್ತಿದಾಗ ನೀನೇನೋ "ನಂಜು ನುಂಗಿದ ಸ್ವಾಮಿ ಅವ್ನೆ, ಅವನ ಭಸ್ಮ ಸಾಕು ಕಣೋ" ಎಂದುಬಿಟ್ಟೆ. ಭಸ್ಮ ಹಚ್ಚಿಕೋ, ನಾನೂ ಹಚ್ಚಿಕೊಳ್ಳುತ್ತೇನೆ. ಮುಂದಿನ ವಾರ ನಮ್ಮೂರ ಪಕ್ಕದ ನರಸೀಪುರಕ್ಕೆ ಸೂಜಿಯವರು ಬಂದಾಗ ತೋಳನ್ನೂ ಚಾಚು. ಎರಡು ದಿನ ಜ್ವರ ಬರುತ್ತದೆ, ಹೋಗುತ್ತದೆ. ನಿನ್ನ ಹಟ ನನಗೆ ಬಂದಿದೆ ಎನ್ನುತ್ತಾರೆ, ಅದರಲ್ಲಿ ಸ್ವಲ್ಪ ನೀನು ಬಿಡು.

ಮೇಷ್ಟರಿಗೆ ನನ್ನ ನಮಸ್ಕಾರ. ಕರಿ ಹಸುವಿನ ಕುತ್ತಿಗೆ ತುರಿಸು, ನನ್ನ ಹೆಸರು ಹೇಳಿ. ಶುಕ್ರವಾರ ನನ್ನನ್ನು ನೆನೆದು ಒಂದು ಬಿಲ್ವಪತ್ರೆ ಏರಿಸು.

ನಿನ್ನ ಮಗ,
ಪುಟ್ಟಬಸವಯ್ಯ

ಮರೆತ ಮಾತಲ್ಲ, ಈಗ ತಿಳಿದದ್ದು: ಕಾಗದ ಮಡಿಸುವಾಗ ನಮ್ಮೂರ ಗಾಡಿಯ ಚಿಕ್ಕಸ್ವಾಮಿ ಬಂದ. ಕೇಳದೇ ಹೇಳಿದ: "ನಿಮ್ಮವ್ವ ಬಲೇ ಭಕ್ತೆ ಕಣ್ರೀ. ಮೊನ್ನೆ ಅಟ್ಟದಿಂದ ಸತ್ತ ಇಲಿ ಬಿತ್ತು. ಗಣಪನ ವಾಹನ ಅಂತ ನೀವು ಕೊಡ್ಸಿದ ಸೀರೆ ಸೆರಗ್ನಲ್ಲೇ ಎತ್ಕೊಂಡೋಗಿ, ಅರಿಶಿನ ಕುಂಕುಮ ಇಟ್ಟು ಬಿಲ್ವದ ಬುಡದಲ್ಲಿ ಮಣ್ಣು ಮಾಡಿದ್ರು." ಅವ್ವಾ, ಏನು ಮಾಡಿಕೊಂಡೆ! ಸತ್ತ ಇಲಿಯ ಮೈ ಬಿಟ್ಟ ಚಿಗಟ ಬಟ್ಟೆಗೆ ಹತ್ತುತ್ತದೆ, ರೋಗ ಬರುವುದೇ ಅದರಿಂದ. ಈ ಸಾಲುಗಳನ್ನೇ ಮೊದಲು ಓದಿಸಬೇಕೆಂದು ಚಿಕ್ಕಸ್ವಾಮಿಗೆ ಹೇಳಿದ್ದೇನೆ, ಅವನು ಈಗಲೇ ಗಾಡಿ ತಿರುಗಿಸುತ್ತಾನೆ. ಕೇಳಿದ ಕೂಡಲೇ ಮನೆ ಬಿಟ್ಟು ಹೊಲದ ಗುಡಿಸಲಿಗೆ ಹೋಗು. ಕಂಕುಳಲ್ಲೋ ತೊಡೆಯ ಸಂದಿಯಲ್ಲೋ ಗಂಟು ಎದ್ದರೆ ನಾಚಿ ಮುಚ್ಚಿಡಬೇಡ. ಇಲ್ಲಿ ಮಲಗಿರುವವರನ್ನು ಜೊತೆಗೆ ಕೆಲಸ ಮಾಡುವ ನಿಂಗರಾಜುವಿಗೆ ಒಪ್ಪಿಸಿ ನಾನು ಹಿಂದೆಯೇ ಹೊರಡುತ್ತೇನೆ. ಶುಕ್ರವಾರ ಮೈಸೂರಿಗೆ ಹೋಗುವುದಿಲ್ಲ, ಅದರ ಮಾತು ಬೇಡ. ಆ ಸೀರೆಯನ್ನು ಸುಟ್ಟುಬಿಡು. ನಾನು ಮೊದಲ ಸಂಬಳದಲ್ಲಿ ತಂದದ್ದೆಂದು ನೀನು ಅದನ್ನು ಒಗೆದು ಮಡಿಸಿಡುವವಳು. ಬೇಡವ್ವಾ, ಸುಡು.