ಬೋರಲು ಹಾಕಿದ ಪಾತ್ರೆ

ಮಾರ್ಚ್ ೧೪

ಪ್ರಿಯ ತುಕ್ಕಣ್ಣ,

ಸಭಾಧ್ಯಕ್ಷರೇ, ವೇದಿಕೆಯ ಗಣ್ಯರೇ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ತುಕ್ಕಿನ ತಜ್ಞರೇ, ಉತ್ತರ ಮೂರು ತಿಂಗಳು ತಡವಾದದ್ದಕ್ಕೆ ಈ ಬಡಪಾಯಿ ಬಹಿರಂಗವಾಗಿ ಕ್ಷಮೆ ಕೋರುತ್ತಾನೆ. ಕೆಲಸ ಜಾಸ್ತಿ ಎಂದು ಬರೆಯಬಹುದಿತ್ತು. ನೀನು ನಂಬುವ ಗಿರಾಕಿಯಲ್ಲ.

ನಾವಿದ್ದ ಪ್ರಯೋಗಾಲಯಕ್ಕೆ ಸುಣ್ಣಬಣ್ಣ ಆಗುತ್ತಿದೆ. ನಿನ್ನೆ ಕಪಾಟು ಸರಿಸಿದರೆ ಗೋಡೆಯ ಮೇಲೆ ನನ್ನ ಹಳೆಯ ಅಕ್ಷರ: "ಬೋರಲಿದ್ದದ್ದು ತೊಳೆದದ್ದು, ನೆಟ್ಟಗಿದ್ದದ್ದು ಬಳಸಿದ್ದು." ಗಾಜಿನ ಪಾತ್ರೆಗಳಿಗೆ ನಾನು ಮಾಡಿದ ಕಾನೂನು. ಅಳಿಸಲೇ ಎಂದು ಪೇಂಟರ್ ಕೇಳಿದ. ನಾಳೆ ನೋಡೋಣ ಅಂದೆ.

ನೆನಪಿದೆಯಾ? ಗಾಜಿನ ಚೂರಿಗೆ ತುಕ್ಕಿನ ತೆಳು ಲೇಪ ಕೊಟ್ಟು, ನೀರಿಗಿಳಿಸಿ, ಕಿಟಕಿಯ ಬಿಸಿಲಿಗೆ ಹಿಡಿಯುತ್ತಿದ್ದೆವು. ಬಿಸಿಲು ನೀರನ್ನು ಒಡೆದು ಜಲಜನಕ ಕೊಡಬೇಕು. ತುಕ್ಕು ಮಹಾ ಸೋಮಾರಿ, ಬಂದ ಬೆಳಕನ್ನೆಲ್ಲ ಪೋಲು ಮಾಡುತ್ತಿತ್ತು. ಬಂಗಾರದ ನ್ಯಾನೊ ಕಣಗಳನ್ನು ಅಂಟಿಸಿ, ಅವು ಹಿಡಿದ ಬೆಳಕನ್ನು ತುಕ್ಕಿಗೆ ಉಣಿಸೋಣ ಎಂದವನು ನೀನು. ಬಂಗಾರದ ದ್ರಾವಣ ನಿನ್ನ ಕೈಯಲ್ಲಿ ಮಾಣಿಕ್ಯದ ಕೆಂಪಾಗುತ್ತಿತ್ತು. ಮೊದಲ ಸಲ ಗುಳ್ಳೆಗಳ ಸಾಲು ಎದ್ದಾಗ ನೀನು ಎಣಿಸುತ್ತಾ ಊಟ ಮರೆತೆ. ನಿನ್ನ ಡಬ್ಬಿಯನ್ನೂ ನಾನೇ ಖಾಲಿ ಮಾಡಿದೆ.

ಆಮೇಲೆ ಪರೀಕ್ಷಕರು ಬಂದ ಬೆಳಿಗ್ಗೆ. ಅವರೆದುರು ನೀನು ಬೋರಲಿದ್ದ ಪಾತ್ರೆಯೊಂದನ್ನು ಎತ್ತಿಕೊಂಡು ಕೆಂಪು ದ್ರಾವಣವನ್ನು ಅದಕ್ಕೆ ಸುರಿದೆ. ನೋಡನೋಡುತ್ತಲೇ ನೀಲಿಯಾಗಿ, ಕಣಗಳು ಮುದ್ದೆಗಟ್ಟಿ ತಳ ಸೇರಿದವು. ಗುರುಗಳು ಮೆಲ್ಲಗೆ, "ನಿನಗೆ ಕೈಗುಣ ಇಲ್ಲಪ್ಪ," ಅಂದರು. ಕೂಗಾಡಿದ್ದರೆ ಉಳಿಯುತ್ತಿದ್ದೆಯೇನೋ. ವಾರದೊಳಗೆ ನೀನು ಸಂಶೋಧನೆ ಬಿಟ್ಟು ಗಂಟುಮೂಟೆ ಕಟ್ಟಿದೆ.

ಈಗ ನಿನ್ನ ಮಗಳು ರಸಾಯನಶಾಸ್ತ್ರವೇ ಬೇಕೆಂದು ಹಟ ಹಿಡಿದಿದ್ದಾಳೆ, ಈ ತಿಂಗಳ ಕೊನೆಗೆ ಅರ್ಜಿ, ನೀನು ಸಹಿ ಹಾಕುವುದಿಲ್ಲವಂತೆ. "ನಮ್ಮ ಮನೆತನಕ್ಕೆ ಕೈಗುಣ ಇಲ್ಲ" ಎಂದು ಬರೆದಿದ್ದೀಯ. ಆ ಸಾಲನ್ನು ದಿನಾ ಓದುತ್ತಿದ್ದೇನೆ.

ಅತ್ತಿಗೆಗೆ ನಮಸ್ಕಾರ. ಮಗಳಿಗೆ ಆಶೀರ್ವಾದ: ಬಿಸಿಲು ಬೀಳಲಿ, ಗುಳ್ಳೆ ಏಳಲಿ, ಹಟ ಬಾಳಲಿ.

ಇಂತು ನಿನ್ನ,
ಪ್ರಾಸದ ಪಿಡುಗು

ಮರೆತ ಮಾತು: ಮರೆತಿರಲಿಲ್ಲ. ಪರೀಕ್ಷಕರು ಬರುವ ಹಿಂದಿನ ಸಂಜೆ ಆ ಪಾತ್ರೆಯಲ್ಲಿ ಉಪ್ಪಿನ ದ್ರಾವಣ ಕಲಸಿದವನು ನಾನು. ಬಸ್ಸಿಗೆ ಹೊತ್ತಾಗಿತ್ತು. ತೊಳೆಯದೆ ಬೋರಲು ಹಾಕಿ ಓಡಿದೆ. ಉಪ್ಪು ಸೋಕಿದರೆ ಬಂಗಾರ ಮುದ್ದೆಯಾಗುತ್ತದೆಂದು ನನಗೆ ಗೊತ್ತಿತ್ತು. ಗುರುಗಳು ಆ ಮಾತು ಆಡಿದಾಗ ನಿನ್ನ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದೆ. ನಿನ್ನ ಕೈಯಲ್ಲಿ ಏನೂ ದೋಷ ಇರಲಿಲ್ಲ. ಇದನ್ನು ಮಗಳಿಗೆ ಓದಿ ಹೇಳು.