ಅರ್ಧಕ್ಕೆ ನಿಂತ ಜ್ವರದ ಕಥೆ

ಫೆಬ್ರವರಿ ೧೧, ೧೯೭೪. ಮುದ್ದೇಬಿಹಾಳ ಮುಕ್ಕಾಮು

ಇಂಡಿ ಬಿಟ್ಟಾಗಲೇ ಬಸ್ಸಿನ ಮೇಲೆ ನಿಂಬೆ ಚೀಲ, ಒಳಗೆ ಜನ. ಸಿಂದಗಿಯಲ್ಲಿ ಮತ್ತಷ್ಟು. ಮುದುಕನೊಬ್ಬನಿಗೆ ಕಥೆ ಹೇಳುತ್ತ ಟಿಕೀಟು ಹರಿಯುವುದೇ ಮರೆತೆ. ಡ್ರೈವರ್ ಖಾಜಾಸಾಬ ಕನ್ನಡಿಯಲ್ಲಿ ನೋಡಿ — "ರೇವಣಪ್ಪ, ನಿನ್ನ ರಾಜಕುಮಾರ ಕುದುರಿ ಹತ್ತೂದ್ರಾಗ ಚೆಕಿಂಗಿನವರು ಬಸ್ ಹತ್ತತಾರ ನೋಡ!"

ಬಾಗೇವಾಡಿ ಸ್ಟ್ಯಾಂಡಿನಲ್ಲಿ ನನ್ನ ಒಡಹುಟ್ಟಿದ ಶೇವಂತಕ್ಕ. ಮಸೂತಿಯಿಂದ ಸಂತೆಗೆ ಬಂದಾಗಲೆಲ್ಲ ನನಗೊಂದು ರೊಟ್ಟಿ ಗಂಟು ತರುತ್ತಾಳೆ. ಇವತ್ತು ಸೆರಗು ಗಲ್ಲದ ಮೇಲಿತ್ತು. ಸರಿಸಿದೆ. ಸುಟ್ಟ ಗಾಯ. ಅದರ ಹಿಂದೆ, ಬಾಯೊಳಗೆ, ಗಂಟು.

"ಅಮಸಿದ್ದ ಬರಿ ಹಾಕ್ಯಾನ. ಕರಗತೈತಿ ಬಿಡು ತಮ್ಮಾ."

ಅಮಸಿದ್ದ ಊರ ಕುರಿಗಾರ. ಕುರಿಗೂ ಅವನದೇ ಬರೆ, ಜನಕ್ಕೂ ಅವನದೇ.

ನನ್ನ ಮುಂಗೈ ಮೇಲೂ ಒಂದಿದೆ. ಸಣ್ಣವನಿದ್ದಾಗ ಕಣ್ಣು ಹಳದಿಯಾಗಿ ಕಾಮಣಿ ಆದಾಗ ಹಾಕಿದ್ದು. ಅವ್ವ ಅರಿಷಿಣ ಕೊಂಬು ಕಾಯಿಸುತ್ತಿದ್ದಳು. ಅಕ್ಕ ನನ್ನನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕಥೆ ಶುರು ಮಾಡಿದಳು. ಕೇಳುವವರು ಹ್ಞೂಂ ಅನ್ನದಿದ್ದರೆ ಕಥೆ ಮುಂದೆ ಹೋಗದು — ನಮ್ಮ ಮನೆಯ ನೇಮ. ಹ್ಞೂಂ ಅಂದೆ, ಅಷ್ಟರಲ್ಲಿ ಚುರ್ ಅಂತು. ಅತ್ತುಬಿಟ್ಟೆ. ಅಳುತ್ತಲೇ "ಮುಂದ?" ಅಂದೆನಂತೆ. ಅದನ್ನು ಹೇಳಿ ಹೇಳಿ ನಗುತ್ತಾಳೆ ಅಕ್ಕ. ಆ ಅಂಗಳ, ಸುಟ್ಟ ಅರಿಷಿಣದ ಆ ವಾಸನೆ... ಇನ್ನೂ ಮೂಗಿನಲ್ಲಿದೆ.

ಫೆಬ್ರವರಿ ೧೪. ಬಾಗೇವಾಡಿ

ರಜೆ ಹಾಕಿದೆ. ಡಾಕ್ಟರ್ ಜೈನುದ್ದೀನರು ಅಕ್ಕನ ಗಲ್ಲವನ್ನು ಒಳಗೂ ಹೊರಗೂ ಮುಟ್ಟಿ ನೋಡಿದರು. ನನ್ನೊಬ್ಬನನ್ನೇ ಹೊರಗೆ ಕರೆದರು. ಕ್ಯಾನ್ಸರ್. ಮಿರಜಕ್ಕೆ ಒಯ್ಯಬೇಕು, ಅಲ್ಲಿ ಮಶೀನಿನಿಂದ ಕಿರಣ ಬಿಡುತ್ತಾರೆ; ಜನ ಅದಕ್ಕೆ ಕರೆಂಟ್ ಕೊಡುವುದು ಅನ್ನುತ್ತಾರೆ.

"ಆದ್ರ ಈ ಸುಟ್ಟಿದ್ದು ಮೊದಲ ಮಾಯಬೇಕು. ಹಸಿ ಗಾಯದ ಮ್ಯಾಲ ಕರೆಂಟ್ ಕೊಡಾಕ ಬರೂದಿಲ್ಲ."

ಅಮಸಿದ್ದನನ್ನು ಬಾಯಿಗೆ ಬಂದಂತೆ ಬೈದೆ. ಡಾಕ್ಟರು ತಡೆದರು.

"ಅವನೊಬ್ಬನ ಅಲ್ಲಪಾ. ಬಿಸಿಗೆ ಕರಗತೈತಿ ಅಂತ ಹಳೇ ಕಾಲದ ವೈದ್ಯರೂ ಗಂಟು ಸುಟ್ಟಾರ. ನೂರು ವರ್ಷದ ಹಿಂದ ಜರ್ಮನಿಯೊಳಗ ಒಬ್ಬಾಕಿಗೆ ಮಾರಿ ಮ್ಯಾಲ ಗಂಟು ಇತ್ತು. ಮಾರಿ ಕೆಂಪಾಗಿ ಜೋರು ಜ್ವರ ಬಂತು, ಗಂಟು ಕರಗಿತು. ಆಮ್ಯಾಲ ಅಮೆರಿಕಾದಾಗ ಒಬ್ಬ ಡಾಕ್ಟರ್ ಬೇಕಂತನ ಜ್ವರ ಬರಿಸಿ ನೋಡಿದ. ಈಗ ಮಶೀನ್ ಹಚ್ಚಿ ಮೈ ಬಿಸಿ ಮಾಡಿ ನೋಡಾಕತ್ತಾರ."

"ಆ ಜರ್ಮನಿಯಾಕಿ ಆರಾಮಾದಳೇನ್ರಿ?"

"ಗಂಟು ಮತ್ತ ಬಂತು. ಕುದುರಿ ಸಿಕ್ಕೈತಿ ರೇವಣಪ್ಪ, ಲಗಾಮು ಸಿಕ್ಕಿಲ್ಲ."

ಫೆಬ್ರವರಿ ೧೭. ಮಸೂತಿ

ಅಕ್ಕ ಮಂಕಾಗಿ ಕೂತಿದ್ದಳು. ಡಾಕ್ಟರ ಕಥೆ ನನ್ನ ರೀತಿಯಲ್ಲಿ ಹೇಳಿದೆ. ಜರ್ಮನಿಯಾಕಿಯನ್ನು ರಾಣಿ ಮಾಡಿದೆ. ಜ್ವರವನ್ನು ಕೆಂಪು ಕುದುರೆಯ ಮೇಲೆ ಕೂರಿಸಿದೆ. ಅಕ್ಕನ ಹ್ಞೂಂ ಗಟ್ಟಿಯಾಗುತ್ತ ಹೋಯಿತು. ಗಂಟು ಕರಗಿದಲ್ಲಿಗೆ ನಿಲ್ಲಿಸಿಬಿಟ್ಟೆ. ದುಃಖದಲ್ಲಿ ಕಥೆ ಮುಗಿಸಬಾರದು ಅಂತ ಅವಳೇ ಕಲಿಸಿದ್ದು.

ಎಷ್ಟು ದಿನದ ಮೇಲೆ ನಕ್ಕಳು!

ಮಾರ್ಚ್ ೬. ಮಸೂತಿ, ಮಧ್ಯಾಹ್ನ

ಗಾಯ ಕೀವು ಹಿಡಿದಿದೆ ಅಂತ ಊರವರು ಹೇಳಿ ಕಳಿಸಿದ್ದರು. ಓಡಿ ಬಂದೆ. ಅಕ್ಕನ ಮೈ ಹೆಂಚಿನಂತೆ ಕಾದಿದೆ. ಹೋದ ವಾರ ಡಾಕ್ಟರು ಕೊಟ್ಟ ಗುಳಿಗೆ? ಹೊದಿಸಲು ಕೌದಿ ಕೊಡವಿದೆ — ಪಟಪಟ ಉದುರಿದವು. ಒಂದೂ ನುಂಗಿಲ್ಲ.

"ಯಾಕಕ್ಕ?"

"ಜ್ವರ ಇಳಸಬ್ಯಾಡೋ. ಕೆಂಪು ಕುದುರಿ ಬಂದೈತಿ. ಆ ರಾಣಿಗೆ ಕರಗಿತಲ್ಲ, ನನಗ್ಯಾಕ ಕರಗವಲ್ದು?"

ಅಮಸಿದ್ದ ಬಾಗಿಲಲ್ಲೇ ನಿಂತಿದ್ದ. ಒಳಗೆ ಬರುವ ಧೈರ್ಯವಿಲ್ಲ ಅವನಿಗೆ. ಆದರೂ ಅಂದ — "ನಾ ಕಬ್ಬಣ ಕಾಸಿ ಸುಟ್ಟೆ, ಖರೆ. ನೀ ಬಾಯಿಲೆ ಸುಟ್ಟೆಲ್ಲೋ ಕಂಡಕ್ಟರ."

ಅಕ್ಕನ ಹತ್ತಿರ ಕೂತೆ.

"ಅಕ್ಕ, ಆ ಕಥಿ ಮುಗದಿಲ್ಲ."

"ಮುಂದ?"

"ಕುದುರಿ ಹೋತು. ಗಂಟು ತಿರುಗಿ ಬಂತು."

ಹ್ಞೂಂ ಬರಲಿಲ್ಲ. ಅಕ್ಕ ನನ್ನನ್ನೇ ನೋಡಿದಳು.

"ಅರ್ಧಾ ಕಥಿ ಹೇಳಾಕ ನಾ ನಿನಗ ಕಲಿಸಿದ್ದಿಲ್ಲಲ್ಲೋ, ಭಾಡ್ಯಾ."

ಅಂಗೈ ಚಾಚಿದಳು. ಗುಳಿಗೆ ಇಟ್ಟೆ. ಅಮಸಿದ್ದ ಓಡಿಹೋಗಿ ನೀರು ತಂದ.

ಮಾರ್ಚ್ ೨೯. ಬಾಗೇವಾಡಿ

ಜ್ವರ ಬಿಟ್ಟಿದೆ. ಗಾಯ ಒಣಗಿದೆ. ಆದರೆ ಗಂಟು ದಪ್ಪವಾಗಿದೆ. ಡಾಕ್ಟರು ಮುಟ್ಟಿ ನೋಡಿ, "ತಡ ಮಾಡಬ್ಯಾಡ್ರಿ" ಅಂದರಷ್ಟೆ. ಅಮಸಿದ್ದ ತನ್ನ ಹೊಸ ಕಂಬಳಿ ತಂದು ಅಕ್ಕನ ಹೆಗಲಿಗೆ ಹಾಕಿದ. "ಇದೂ ಬಿಸೀನ ಐತಬೇ, ಸುಡೂದಿಲ್ಲ ನೋಡು." ಅಕ್ಕ ನಕ್ಕಳು. ನೋವಾಯಿತು, ಗಲ್ಲ ಹಿಡಿದುಕೊಂಡೇ ನಕ್ಕಳು.

ಏಪ್ರಿಲ್ ೮. ಮಿರಜ, ಸಂಜೆ

ಇವತ್ತಿನಿಂದ ಕರೆಂಟ್ ಶುರು. ಹೊರಗೆ ಬಂದವಳೇ, "ಬಿಸಿನ ಇಲ್ಲಲ್ಲೋ! ಬಿಸಿ ಇಲ್ದ ಎಂಥಾ ಬರಿ ಇದು?"

ಇವತ್ತಿಗೆ ಅದೇ ಕೊನೆ ಮಾತು. ಈಗ ನೋವಿಗೆ ಬಾಯಿ ತೆರೆಯಲು ಆಗುತ್ತಿಲ್ಲ. ಕಂಬಳಿ ಹೊದ್ದು ಮಲಗಿದ್ದಾಳೆ. ನಾನು ಬರೆಯುವುದನ್ನು ನೋಡಿ ತೋಳು ಜಗ್ಗಿದಳು. ನನ್ನ ಮುಂಗೈಯ ಬರೆಯ ಮೇಲೆ ಬೆರಳಿಟ್ಟಳು. ಕಥೆ ಬೇಕಂತೆ.

ಯಾವ ಕಥೆ ಹೇಳಲಿ? ಕೊನೆ ಗೊತ್ತಿರುವುದು ಒಂದೂ ನೆನಪಾಗುತ್ತಿಲ್ಲ.

"ಮಸೂತಿ ಅಂತ ಒಂದು ಊರು. ಆ ಊರಾಗ ಶೇವಂತೆವ್ವ ಅಂತ ಒಬ್ಬಾಕಿ ಇದ್ಲು..."

"ಹ್ಞೂಂ."

ಮುಚ್ಚಿದ ತುಟಿಯೊಳಗಿಂದಲೇ ಅಂದಳು.

"ಆಕಿ..."

"ಹ್ಞೂಂ."