ಬಾಗಿದ ಹ್ಯಾಂಡಲ್ಲಿನ ಜಗಳ

ಅಣ್ಣಾ,

ನೀನು ಕಲಕತ್ತೆಯಿಂದ ಮರಳಿದ ಬೆಳಿಗ್ಗೆ ಕಾಶಿಯ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ನಿನ್ನ ಹಾಸಿಗೆ ಸುರುಳಿ ಟಣಟಣ ಅನ್ನುತ್ತಿತ್ತು. ಪಾತ್ರೆ ತಂದಿದ್ದೀ ಅಂದುಕೊಂಡೆ. ಬಂಗಾಲಿ ಟೋಲಾ ಓಣಿಯ ನಮ್ಮ ಕೋಣೆಯಲ್ಲಿ ಬಿಚ್ಚಿದರೆ ರೇಸ್ ಸೈಕಲ್ಲಿನ ಎರಡು ಬಾಗಿದ ಹ್ಯಾಂಡಲ್! ಬಿಜಾಪುರದಲ್ಲಿ ರೇಸು ಹೊಡೆಯುತ್ತಿದ್ದವನು ಡಾಕ್ಟರಾಗಿ ಕಾಶಿಗೆ ಬಂದರೂ ಆ ಹುಚ್ಚು ಬಿಟ್ಟಿರಲಿಲ್ಲ. ನಿನ್ನ ಜೊತೆ ಇದ್ದು ಎಂ.ಎಸ್ಸಿ. ಓದಲು ಬಂದ ನನಗೂ ಅಂಟಿಸಿದ್ದೆಯಲ್ಲ?

ನೀನು ಎರಡನ್ನೂ ಗೋಡೆಗೆ ಒತ್ತಿ ಹಿಡಿದು, ಸೀಮೆಸುಣ್ಣದಿಂದ ಒಂದರ ಮೇಲೊಂದು ಗೆರೆ ಎಳೆದೆ. ಆಗಲೇ ನನಗೆ ವ್ಯತ್ಯಾಸ ಕಂಡದ್ದು. ಒಂದು ಟಗರಿನ ಕೊಂಬಿನ ಹಾಗೆ ದುಂಡಗೆ, ಆಳಕ್ಕೆ ಇಳಿದಿತ್ತು. ಇನ್ನೊಂದು ಸ್ವಲ್ಪ ದೂರ ನೇರ ಮುಂದೆ ಹೋಗಿ, ಚಿಕ್ಕದಾಗಿ ಬಾಗಿ, ಹಿಂದಕ್ಕೆ ಚಪ್ಪಟೆಯಾಗಿ ಬಂದಿತ್ತು. ನಿನಗೆ ಆಳದ್ದೇ ಬೇಕು, ನನಗೆ ಚಪ್ಪಟೆಯದು.

"ಕೆಳಗ ಬಗ್ಗಿದಷ್ಟೂ ಗಾಳಿ ತಪ್ಪತೈತಿ, ಗಿರಿಜಾ."

"ಅಲ್ಲಿಂದ ನನ್ನ ಬೆರಳು ಬ್ರೇಕಿಗೆ ಮುಟ್ಟೂದಿಲ್ಲ."

"ಮುಟ್ಟತಾವ. ರೂಢಿ ಆಗಬೇಕು."

ಊಟಕ್ಕೆ ಕೂತಾಗಲೂ ಅದೇ ವಾದ. ಜಗಳ ಮುಗಿಯಲಿಲ್ಲ. ಅಷ್ಟರಲ್ಲಿ ನಿನ್ನ ಕಣ್ಣು ಹಳದಿಯಾದವು. ಊರವರ ಕಾಮಾಲೆಗೆಲ್ಲ ಔಷಧ ಬರೆಯುತ್ತಿದ್ದವನು ನಿನ್ನದನ್ನು ಬರೀ ದಣಿವು ಅಂದೆಯಲ್ಲ, ಅಣ್ಣಾ... ಅಪ್ಪ ರೈಲು ಹತ್ತಿ ಬರುವ ಹೊತ್ತಿಗೆ ನೀನು ಇರಲಿಲ್ಲ.

"ಊರಿಗೆ ನಡಿ" ಅಂದರು ಅಪ್ಪ. ಓದು ಮುಗಿಸಿ ಬರುತ್ತೇನೆ ಅಂದೆ. ಆಮೇಲೆ ಗೊತ್ತಾಯಿತು, ಈ ಊರಲ್ಲಿ ನಾನು ಕನ್ನಡ ಮಾತಾಡುತ್ತಿದ್ದದ್ದು ನಿನ್ನೊಬ್ಬನ ಜೊತೆ ಎಂದು. ಸೋಮವಾರ ಸೋಮವಾರ ನಮ್ಮ ಕಡೆಯವರ ಜಂಗಮವಾಡಿ ಮಠಕ್ಕೆ ಹೋಗುತ್ತೇನೆ. ಅಲ್ಲಿನ ಅಜ್ಜನವರು "ಊಟ ಆತೇನವ್ವಾ?" ಅಂತ ಕೇಳುತ್ತಾರೆ. "ಆತ್ರಿ" ಅನ್ನುತ್ತೇನೆ. ಅದಕ್ಕಿಂತ ಮುಂದೆ ಮಾತು ಬರುವುದಿಲ್ಲ. ದುರ್ಗಾಪೂಜೆಗೆ ಮುಂಚೆ ಮನೆಯೊಡತಿ ಮಾಸಿಮಾ ಕೋಣೆಗೆ ಸುಣ್ಣ ಹೊಡೆಸಿದರು. ನಾನು ಕ್ಲಾಸಿಗೆ ಹೋಗಿದ್ದೆ. ಬಂದು ನೋಡಿದರೆ ನೀನು ಎಳೆದ ಗೆರೆಗಳೆಲ್ಲ ಹೋಗಿ ಗೋಡೆ ಬೆಳ್ಳಗೆ. ಅವರಿಗೇನು ಗೊತ್ತು?

ಮರುದಿನವೇ ನಿನ್ನ ಸೈಕಲ್ಲನ್ನು ರಿಪೇರಿ ಮಿಸ್ತ್ರಿಯ ಬಳಿ ಒಯ್ದೆ. ಸೀಟು ಪೂರ್ತಿ ಕೆಳಗಿಳಿಸಿ, ನಿನ್ನಿಷ್ಟದ ಆಳದ ಹ್ಯಾಂಡಲ್ಲೇ ಹಾಕಿಸಿದೆ. "ಬಹನ್‌ಜೀ, ಇದು ಹುಡುಗರದು" ಅಂತ ಅವನು ನಕ್ಕ. ಸಾರನಾಥದ ರಸ್ತೆಯಲ್ಲಿ ಬಗ್ಗಿ ತುಳಿಯುತ್ತಿದ್ದೆ, ಎಮ್ಮೆಯೊಂದು ಅಡ್ಡ ಬಂತು. ಬೆರಳು ಚಾಚಿದೆ. ಬ್ರೇಕು ಸಿಗಲಿಲ್ಲ. ಎಮ್ಮೆಗೆ ಏನೂ ಆಗಲಿಲ್ಲ. ನನ್ನ ಮೊಣಕೈಯ ಚರ್ಮ ಕಿತ್ತುಬಂತು.

ಹೊಲದ ಬದುವಿನ ಮೇಲೆ ಕೂತು ಜೋರಾಗಿ ಅಂದೆ, "ನೋಡಿದೇನು? ನಾ ಹೇಳಿರಲಿಲ್ಲ?" ನೀನಿದ್ದಿದ್ದರೆ "ರೂಢಿ ಆಗಬೇಕು" ಅಂತ ಮತ್ತೆ ಹೊಸದಾಗಿ ವಾದ ಶುರು ಮಾಡುತ್ತಿದ್ದೆ. ನಾನೇ ಗೆದ್ದೆ, ಅಣ್ಣಾ. ನೀನು ಹೋದ ದಿನವೂ ಅಷ್ಟು ಅತ್ತಿರಲಿಲ್ಲ ನಾನು.

ಚಪ್ಪಟೆ ಹ್ಯಾಂಡಲ್ ಹಾಕಿಸಿದೆ. ಬಾಗಿನೊಳಗೆ ಕೈಯಿಟ್ಟರೂ ಎರಡು ಬೆರಳು ಸಲೀಸಾಗಿ ಬ್ರೇಕಿಗೆ ಸಿಗುತ್ತವೆ. ಅಂಗೈ ನೋಯುವುದಿಲ್ಲ. ಗಾಳಿ ಸ್ವಲ್ಪ ಎದೆಗೆ ಹೊಡೆಯುತ್ತದೆ, ಅದು ಮಾತ್ರ ನೀನು ಹೇಳಿದ್ದೇ ನಿಜ.

ನಿನಗೆ ಗೊತ್ತಿಲ್ಲದ ಸುದ್ದಿ ಇದು: ಕಳೆದ ಭಾನುವಾರ ಯೂನಿವರ್ಸಿಟಿಯಲ್ಲಿ ಹುಡುಗಿಯರ ಸೈಕಲ್ ರೇಸು ಇತ್ತು. ನಾನು ಎರಡನೆಯವಳಾಗಿ ಬಂದೆ. ಗೆರೆ ದಾಟುವಾಗ ಎಲ್ಲ ಹುಡುಗಿಯರ ಮನೆಯವರೂ ಹಿಂದಿಯಲ್ಲಿ ಕೂಗುತ್ತಿದ್ದರು. ನಾನು ಬ್ರೇಕು ಹಿಡಿದು ಒಂದು ಕಾಲು ಊರಿದೆ. "ಅಣ್ಣಾ, ಬಂದ್ನಿ!" ಅಂತ ಕೂಗಿಬಿಟ್ಟೆ. ಪಕ್ಕದ ಹುಡುಗಿ ತಿರುಗಿ, "ಕ್ಯಾ ಕಹಾ?" ಅಂದಳು.

ಏನಿಲ್ಲ ಅಂದೆ.

ನಿನ್ನ ತಂಗಿ,
ಗಿರಿಜಾ